ವಿಡಿಯೊ ಇದ್ದರೂ ಖುಲಾಸೆ ಯಾಕೆ ಆಗುತ್ತದೆ?

ಮಾನ್ಯ ಸಂಪಾದಕರೇ,

ಆರೋಪಿ ಖುಲಾಸೆಯಾದರೆ ಸಾಕು, 'ವಿಡಿಯೊ ಇದ್ದರೂ ಬಿಡುಗಡೆ' ಅಂತ ತಲೆಬರಹ ಬರುತ್ತದೆ. ಆ ವಿಡಿಯೊ ಕೋರ್ಟಿನಲ್ಲಿ ಯಾಕೆ ನಿಲ್ಲಲಿಲ್ಲ ಅನ್ನೋದರ ಬಗ್ಗೆ ಸುದ್ದಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಓದಿದವರು ಜಡ್ಜನ್ನು ಬೈಯುತ್ತಾರೆ, ಇಲ್ಲಾ ಆರೋಪಿ ಪರ ವಕೀಲರನ್ನು ಬೈಯುತ್ತಾರೆ. ತೀರ್ಪು ತೆಗೆದು ಓದಿದರೆ ಎಷ್ಟೋ ಸಲ ಬೈಸಿಕೊಳ್ಳಬೇಕಾದವರು ಬೇರೆಯೇ ಇರುತ್ತಾರೆ. ಬೆಂಚ್ ಕ್ಲರ್ಕ್ ಆಗಿ, ಅಂದರೆ ಕೋರ್ಟಿನ ಗುಮಾಸ್ತನಾಗಿ, ಕೂತು ಇದನ್ನೆಲ್ಲ ಹತ್ತಿರದಿಂದ ನೋಡಿದವನು ನಾನು, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ಮಾತು, ವಿಡಿಯೊ ತಾನಾಗಿ ಸಾಕ್ಷಿಯಾಗುವುದಿಲ್ಲ. ಕೋರ್ಟಿಗೆ ಬರುವುದು ಹೆಚ್ಚಾಗಿ ಡಿವಿಆರ್‌ನಿಂದ (ಸಿಸಿಟಿವಿ ದೃಶ್ಯ ದಾಖಲಾಗುವ ಯಂತ್ರ) ಇಳಿಸಿದ ಒಂದು ಪೆನ್‌ಡ್ರೈವ್, ಅಂದರೆ ನಕಲು. ಆ ನಕಲು ಯಾವ ಯಂತ್ರದಿಂದ ಬಂತು, ಹೇಗೆ ತೆಗೆದರು ಅಂತ ಒಂದು ಪ್ರಮಾಣಪತ್ರ ಬೇಕು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇದು 65ಬಿ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 63ನೇ ಕಲಂ. ಈ ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಅನ್ವರ್ ಕೇಸಿನಲ್ಲಿ ಹೇಳಿತು, 2018ರಲ್ಲಿ ಇನ್ನೊಂದು ಪೀಠ ಸ್ವಲ್ಪ ಸಡಿಲ ಮಾಡಿತು, 2020ರಲ್ಲಿ ಅರ್ಜುನ್ ಪಂಡಿತರಾವ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು ಮತ್ತೆ ಬಿಗಿ ಮಾಡಿದರು. ಮೂಲ ಯಂತ್ರವನ್ನೇ ತಂದು, ಅದರ ಮಾಲೀಕರು ಕಟಕಟೆಗೆ ಬಂದು ಹೇಳಿದರೆ ಮಾತ್ರ ಈ ಕಾಗದ ಬೇಡ. ಈಗಂತೂ ಪ್ರಮಾಣಪತ್ರದಲ್ಲಿ ಎರಡು ಭಾಗ. ಒಂದನ್ನು ಹಾಜರು ಮಾಡುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಜೊತೆಗೆ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಒಳಗಡೆ ಒಂದೇ ಒಂದು ಬಿಟ್ ಬದಲಾದರೂ ಅದು ಬೇರೆಯಾಗುತ್ತದೆ. ಸಿಬ್ಬಂದಿ ಅದೇ ವಿಡಿಯೊವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊದಂತೆ ಕಳಿಸಿ, ಅಲ್ಲಿಂದ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿದರೆ? ಆ್ಯಪ್ ಅದನ್ನು ಕುಗ್ಗಿಸಿರುತ್ತದೆ. ನೋಡೋಕೆ ಅದೇ ವಿಡಿಯೊ, ಆದರೆ ಹ್ಯಾಶ್ ಬೇರೆ. ಮುಂದೆ ವಕೀಲರು ಹಿಡಿಯುವುದು ಇದನ್ನೇ.

ಇಷ್ಟೆಲ್ಲ ಸರಿಯಿದ್ದರೆ ಸರ್ಕಾರಿ ಅಭಿಯೋಜಕರು ಮುಖ್ಯ ವಿಚಾರಣೆ (ತಮ್ಮ ಸಾಕ್ಷಿಯನ್ನು ತಾವೇ ಪ್ರಶ್ನಿಸುವುದು) ಮುಗಿಸುತ್ತಾರೆ, ವಿಡಿಯೊಗೆ ನಿಶಾನೆ, ಅಂದರೆ ದಾಖಲೆಯ ಗುರುತು ಸಂಖ್ಯೆ, ಬೀಳುತ್ತದೆ. ನಿಜವಾದ ಪರೀಕ್ಷೆ ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ಆ ಸಾಕ್ಷಿಯನ್ನು ಪ್ರಶ್ನಿಸುವಾಗ. ಇಲ್ಲಿ ಉತ್ತರ ಸೂಚಿಸುವ ಪ್ರಶ್ನೆಯನ್ನೂ ಕೇಳಬಹುದು, ಮುಖ್ಯ ವಿಚಾರಣೆಯಲ್ಲಿ ಸಾಮಾನ್ಯವಾಗಿ ಅದಕ್ಕೆ ಬಿಡುವುದಿಲ್ಲ. ಸಿನಿಮಾದಲ್ಲಿ ನೋಡಿದಂತೆ ಕೂಗಾಟವೇನೂ ಇರುವುದಿಲ್ಲ. ಒಳ್ಳೇ ವಕೀಲರು ತಣ್ಣಗೆ ಕೇಳುತ್ತಾರೆ. ಡಿವಿಆರ್ ಗಡಿಯಾರ ಸರಿಯಿತ್ತಾ? ಅರ್ಧ ಗಂಟೆ ಮುಂದಿತ್ತು ಅಂತೀರಲ್ಲ, ಅದನ್ನು ಮಹಜರಿನಲ್ಲಿ (ಸ್ಥಳದಲ್ಲಿ ಬರೆಯುವ ಜಪ್ತಿ ದಾಖಲೆ) ಯಾಕೆ ಬರೆದಿಲ್ಲ? ಜಪ್ತಿ ಮಾಡಿದ ದಿನದಿಂದ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಹೋಗುವ ತನಕ ಅದು ಎಲ್ಲಿತ್ತು, ಸೀಲ್ ಮಾಡಿದ್ದಿರಾ, ಮಾಡಿದ್ದರೆ ಸೀಲಿನ ಮಾದರಿ ಎಲ್ಲಿದೆ? ಇಂಥ ಪ್ರಶ್ನೆಗೆ ತನಿಖಾಧಿಕಾರಿ 'ನೆನಪಿಲ್ಲ' ಅಂದರೆ ಅದೂ ದಾಖಲಾಗುತ್ತದೆ. ಕೊನೆಗೆ 'ನೀವು ವಿಡಿಯೊ ತಿದ್ದಿ ಸುಳ್ಳು ಕೇಸು ಹಾಕಿದ್ದೀರಿ' ಅಂತ ವಕೀಲರ ಒಂದು ಸೂಚನೆ, 'ಎಂದರೆ ಸರಿಯಲ್ಲ' ಅಂತ ಸಾಕ್ಷಿಯ ಉತ್ತರ. ಆ ಕೊನೇ ಸಾಲಿಗೆ ಯಾರೂ ಜಾಸ್ತಿ ಬೆಲೆ ಕೊಡುವುದಿಲ್ಲ. ಕೇಸು ಅಲುಗಾಡಿರುವುದು ಅದಕ್ಕೂ ಮುಂಚೆ, ಆ ಗಡಿಯಾರದ ಹತ್ತಿರ, ಆ ಸೀಲಿನ ಹತ್ತಿರ.

ಇನ್ನೊಂದು ತೊಡಕು ಮುಖದ್ದು. ವಿಡಿಯೊ ಅಸಲಿ ಅಂತ ಸಾಬೀತಾದ ಮೇಲೂ ಅದರಲ್ಲಿರುವವನು ಈ ಆರೋಪಿಯೇ ಅಂತ ಯಾರು ಹೇಳಬೇಕು? ಆರೋಪಿಯನ್ನು ಮೊದಲಿಂದ ಬಲ್ಲವರು ಗುರುತಿಸಿದರೆ ತೂಕ ಬೇರೆ. ಬಂಧಿಸಿದ ಮೇಲೆಯೇ ಅವನನ್ನು ಮೊದಲ ಸಲ ನೋಡಿದ ಪೊಲೀಸರು 'ಇವನೇ' ಅಂದರೆ, ಅವರ ಕಣ್ಣು ಜಡ್ಜಿನ ಕಣ್ಣಿಗಿಂತ ಹೇಗೆ ಹೆಚ್ಚು? ರಾತ್ರಿಯ ದೃಶ್ಯ, ಮೇಲಿನಿಂದ ತೆಗೆದದ್ದು, ಬರೀ ತಲೆ ಕಾಣುತ್ತದೆ. ಅಷ್ಟರಲ್ಲಿ ಅದೇ ವಿಡಿಯೊ, ಆರೋಪಿಯ ಫೋಟೊ ಎರಡೂ ದಿನವಿಡೀ ಟಿವಿಯಲ್ಲಿ ಓಡಿರುತ್ತವೆ. ಆಮೇಲೆ ಗುರುತು ಪತ್ತೆ ಪೆರೇಡ್ (ಹಲವರ ನಡುವೆ ನಿಲ್ಲಿಸಿದ ಆರೋಪಿಯನ್ನು ಸಾಕ್ಷಿ ಗುರುತಿಸುವುದು) ಮಾಡಿದರೆ, 'ಟಿವಿಯಲ್ಲಿ ನೋಡಿದ್ದಿರಾ' ಅನ್ನೋ ಒಂದೇ ಪ್ರಶ್ನೆಗೆ ಅದು ಬಿದ್ದುಹೋಗುತ್ತದೆ. ಮಾಧ್ಯಮದವರೇ ಕೇಸನ್ನು ಹಾಳು ಮಾಡುವುದು ಹೀಗೆ. ನಿಮ್ಮನ್ನು ಮಾತ್ರ ಹೇಳುತ್ತಿಲ್ಲ, ಬೇಜಾರಾಗಬೇಡಿ.

ವಿಡಿಯೊ ಯಾವಾಗಲೂ ಪೊಲೀಸರ ಕಡೆಗೇ ಇರುತ್ತದೆ ಅಂತಲೂ ಅಲ್ಲ. ವಾರಾಣಸಿಯ ಹೋಟೆಲಿನಲ್ಲಿ ನಡೆದ ಸಾವಿನ ಕೇಸಿನಲ್ಲಿ ಇಟಲಿಯ ಇಬ್ಬರನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಖುಲಾಸೆ ಮಾಡಿತು. ಹೋಟೆಲಿನಲ್ಲಿ ಸಿಸಿಟಿವಿ ಇದ್ದರೂ ಆ ದೃಶ್ಯಗಳನ್ನು ಹಾಜರು ಮಾಡದಿದ್ದದ್ದು ಒಂದು ದೊಡ್ಡ ಕಾರಣ. ಇರುವ ಒಳ್ಳೇ ಸಾಕ್ಷ್ಯವನ್ನು ತರದಿದ್ದರೆ, ಅದು ನಿಮಗೆ ವಿರುದ್ಧವಾಗಿಯೇ ಇತ್ತು ಅಂತ ಕೋರ್ಟ್ ಊಹಿಸಬಹುದು. ಎಷ್ಟೋ ಕ್ಯಾಮೆರಾಗಳಲ್ಲಿ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ತಡವಾಗಿ ಹೋದರೆ ಏನೂ ಸಿಗುವುದಿಲ್ಲ, ಆಮೇಲೆ ಅತ್ತರೆ ಏನು ಬಂತು?

ಪಾಟೀಸವಾಲನ್ನು ಸುಮ್ನೆ ಮುಂದೂಡುವುದು ಇದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಪಂಜಾಬಿನ ವಿನೋದ್ ಕುಮಾರ್ ಕೇಸಿನಲ್ಲಿ ಒಬ್ಬ ಸಾಕ್ಷಿಯ ಮುಖ್ಯ ವಿಚಾರಣೆಗೂ ಪಾಟೀಸವಾಲಿಗೂ ನಡುವೆ 1 ವರ್ಷ 8 ತಿಂಗಳು ಕಳೆದಿತ್ತು. ಅಷ್ಟರಲ್ಲಿ ಸಾಕ್ಷಿ ತಿರುಗಿಬಿದ್ದಿದ್ದ, ಅಂದರೆ ಮೊದಲು ಹೇಳಿದ್ದಕ್ಕೆ ಉಲ್ಟಾ ಹೇಳಿದ. 2015ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಕಟುವಾಗಿಯೇ ಬರೆದಿದೆ. ಸಾಕ್ಷಿ ತಿರುಗಿದರೂ ವಿಡಿಯೊ ತಿರುಗುವುದಿಲ್ಲವಲ್ಲ ಅಂತ ನೀವು ಕೇಳಬಹುದು. ನಿಜ, ಆದರೆ ಆ ವಿಡಿಯೊ ತನ್ನ ಕ್ಯಾಮೆರಾದ್ದು ಅಂತ ಹೇಳಬೇಕಾದವನೇ ತಿರುಗಿಬಿದ್ದರೆ ಏನು ಮಾಡ್ತೀರಿ?

ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಪೊಲೀಸರು ಚಿತ್ರೀಕರಿಸಿ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಸ್ಟೇಷನ್ನಿನಲ್ಲಿ ಕೂತು ಮಹಜರು ಬರೆದು ಪಂಚರ (ಜಪ್ತಿಗೆ ಕರೆಸಿದ ಸಾಕ್ಷಿಗಳ) ಸಹಿ ಹಾಕಿಸಿಕೊಂಡರು ಅನ್ನೋ ಹಳೇ ಆರೋಪಕ್ಕೆ ಇದು ಉತ್ತರ ಆಗಬಹುದು. ಚಿತ್ರೀಕರಣ ಮಾಡದಿದ್ದರೆ, ಇಲ್ಲವೇ ಮಧ್ಯೆ ಮಧ್ಯೆ ನಿಲ್ಲಿಸಿದ್ದರೆ, ಮುಂದಿನ ಪಾಟೀಸವಾಲು ಅಲ್ಲಿಂದಲೇ ಶುರುವಾಗುತ್ತದೆ.

ನಿಮ್ಮ ವರದಿಗಾರರಲ್ಲಿ ನನ್ನದು ಒಂದೇ ಕೋರಿಕೆ. ಬಹಳಷ್ಟು ತೀರ್ಪುಗಳು ಇ-ಕೋರ್ಟ್ಸ್ ತಾಣದಲ್ಲಿ ಸಿಗುತ್ತವೆ, ನಮ್ಮ ಕೆಳ ಕೋರ್ಟುಗಳ ಎಷ್ಟೋ ತೀರ್ಪು ಕನ್ನಡದಲ್ಲೇ ಇರುತ್ತವೆ. ವಿಡಿಯೊವನ್ನು ಯಾಕೆ ನಂಬಲಿಲ್ಲ ಅಂತ ಜಡ್ಜ್ ಬರೆದ ಪ್ಯಾರಾ ಅದರಲ್ಲಿ ಇರುತ್ತದೆ. ಪ್ರಮಾಣಪತ್ರ ಇರಲಿಲ್ಲವೋ, ಸೀಲ್ ಇರಲಿಲ್ಲವೋ, ಮುಖ ಗುರುತಾಗಲಿಲ್ಲವೋ, ಅದನ್ನು ಎರಡು ಸಾಲಿನಲ್ಲಿ ಸುದ್ದಿಗೆ ಸೇರಿಸಿ.

– ಒಬ್ಬ ನಿವೃತ್ತ ಬೆಂಚ್ ಕ್ಲರ್ಕ್