ಚೆಕ್ಕಿಗೆ ಸಹಿ ಹಾಕುವವರು ಯಾರು?

ಹೊಸಪೇಟೆ

ಚಿ. ಅನಘಾಳಿಗೆ ಅಮ್ಮನ ಆಶೀರ್ವಾದಗಳು.

ನೀನು ವಾಟ್ಸಾಪಿಗೆ ಹಾಕಿದ ತಲಾ ಆದಾಯದ ಗ್ರಾಫ್ ನೋಡಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಶುರು ಮಾಡುವಷ್ಟರಲ್ಲಿ ನೀನು "ಕ್ಲಾಸಿದೆ ಅಮ್ಮ" ಅಂತ ಇಟ್ಟುಬಿಡುತ್ತೀಯ. ಕಾಗದಕ್ಕಾದರೆ ಆ ಕಾಟ ಇಲ್ಲ.

ನಿನ್ನ ಪ್ರಶ್ನೆ ಒಳ್ಳೆಯದೇ. 2008ರ ಸುಮಾರಿಗೆ ಆಫ್ರಿಕಾದ ಈಕ್ವಟೋರಿಯಲ್ ಗಿನಿಯ ತಲಾ ಆದಾಯ ಅಲ್ಲಿಯದೇ ಇನ್ನೊಂದು ದೇಶ ಬೋಟ್ಸ್ವಾನಾದ ಎರಡು-ಮೂರು ಪಟ್ಟು ಇತ್ತು. ಹಾಗಿದ್ದರೂ ಓದಿದವರೆಲ್ಲ ಬೋಟ್ಸ್ವಾನಾವನ್ನೇ ಯಾಕೆ ಹೊಗಳುತ್ತಾರೆ? "ಆಡಳಿತ ಚೆನ್ನಾಗಿದೆ" ಅಂತ ಒಂದು ಸಾಲು ಬರೆದರೆ ನಿಮ್ಮ ಮೇಡಂ ಒಪ್ಪುವುದಿಲ್ಲ ಅಂದೆ. ಒಪ್ಪಬಾರದು ಕೂಡ. ನಾನು ಇಷ್ಟು ವರ್ಷ ಖಜಾನೆಯಲ್ಲಿ ಬಿಲ್ಲು ಪಾಸು ಮಾಡಿದವಳು. ಆಡಳಿತ ಅನ್ನೋ ದೊಡ್ಡ ಮಾತು ನನಗೂ ಅಷ್ಟಾಗಿ ಗೊತ್ತಾಗುವುದಿಲ್ಲ. ಬಿಲ್ಲು ಯಾರು ಬರೆದರು, ಸಹಿ ಯಾರದು, ಯಾವ ಲೆಕ್ಕ ಶೀರ್ಷಿಕೆಗೆ ಹೋಯಿತು, ಸರಿ ಇಲ್ಲದಿದ್ದರೆ ಆಬ್ಜೆಕ್ಷನ್ ಹಾಕಿ ವಾಪಸ್ ಕಳಿಸುವವರು ಯಾರಾದರೂ ಇದ್ದರಾ, ಇಷ್ಟು ಮಾತ್ರ ಗೊತ್ತಾಗುತ್ತದೆ. ನಿನ್ನ ಎರಡು ದೇಶಗಳನ್ನೂ ನಾನು ಆ ಕಣ್ಣಿನಲ್ಲೇ ನೋಡಿದೆ.

ಮೊದಲು ಅಳತೆ ಸರಿಯಾಗಿ ಹಿಡಿ. ಬೋಟ್ಸ್ವಾನಾ ನೆಲದಲ್ಲಿ ಸಣ್ಣದಲ್ಲ. ಮೂರು ಕರ್ನಾಟಕದಷ್ಟು ದೊಡ್ಡದು, ಬಹುಪಾಲು ಕಲಹರಿ ಮರುಭೂಮಿ. ಜನ ಮಾತ್ರ 25 ಲಕ್ಷದ ಆಸುಪಾಸು. ಅಂದರೆ ಭಾಗ ಆಗುವ ಮುಂಚಿನ ನಮ್ಮ ಬಳ್ಳಾರಿ ಜಿಲ್ಲೆಯಷ್ಟು. ಈಕ್ವಟೋರಿಯಲ್ ಗಿನಿ (ಇನ್ನು ಮುಂದೆ ಬರೀ ಗಿನಿ ಅನ್ನುತ್ತೇನೆ) ಎಲ್ಲಾ ರೀತಿಯಲ್ಲೂ ಸಣ್ಣದು. 28 ಸಾವಿರ ಚದರ ಕಿಲೋಮೀಟರ್, 20 ಲಕ್ಷಕ್ಕೂ ಕಡಿಮೆ ಜನ. ಒಂದು ತುಂಡು ಆಫ್ರಿಕಾದ ನೆಲದ ಮೇಲೆ, ಇನ್ನೊಂದು ತುಂಡು ಸಮುದ್ರದೊಳಗೆ ಬಿಯೊಕೊ ದ್ವೀಪ. ಗಿನಿಯಲ್ಲಿ ಕಚ್ಚಾ ಎಣ್ಣೆ, ಬೋಟ್ಸ್ವಾನಾದಲ್ಲಿ ವಜ್ರ. ಎರಡಕ್ಕೂ ಸ್ವಾತಂತ್ರ್ಯ ಬಂದದ್ದು ಎರಡು ವರ್ಷದ ಅಂತರದಲ್ಲಿ: ಬೋಟ್ಸ್ವಾನಾಕ್ಕೆ ಬ್ರಿಟಿಷರಿಂದ 1966ರಲ್ಲಿ, ಗಿನಿಗೆ ಸ್ಪೇನಿನಿಂದ 1968ರಲ್ಲಿ.

ಆಗ ಯಾವುದು ಮುಂದೆ ಬರುತ್ತದೆ ಅಂತ ಪಂದ್ಯ ಕಟ್ಟಿದ್ದರೆ ಯಾರೂ ಬೋಟ್ಸ್ವಾನಾದ ಮೇಲೆ ಕಟ್ಟುತ್ತಿರಲಿಲ್ಲ. ಗಿನಿಯಲ್ಲಿ ಕೋಕೋ ತೋಟಗಳಿದ್ದವು, ಬಂದರು ಇತ್ತು. ಬೋಟ್ಸ್ವಾನಾದಲ್ಲಿ ದನ ಇತ್ತು, ಬರಗಾಲ ಇತ್ತು. ಇಡೀ ದೇಶಕ್ಕೆ ಡಾಂಬರು ರಸ್ತೆ 12 ಕಿಲೋಮೀಟರ್, ಪದವಿ ಮುಗಿಸಿದವರು 22 ಜನ. ಬ್ರಿಟಿಷರು ಅದನ್ನು ಎಷ್ಟು ಉದಾಸೀನ ಮಾಡಿದ್ದರೆಂದರೆ, ಅದರ ಆಡಳಿತ ಕಚೇರಿಯನ್ನು ದೇಶದ ಒಳಗೇ ಇಟ್ಟಿರಲಿಲ್ಲ. ಗಡಿಯಾಚೆ ದಕ್ಷಿಣ ಆಫ್ರಿಕಾದ ಮಫೆಕಿಂಗ್‌ನಲ್ಲಿ ಕೂತು ಈ ದೇಶ ಆಳುತ್ತಿದ್ದರು! ಗ್ಯಾಬರೋನ್ ಅನ್ನೋ ರಾಜಧಾನಿ ಕಟ್ಟಿದ್ದೇ ಸ್ವಾತಂತ್ರ್ಯ ಬರುವ ಹೊತ್ತಿಗೆ.

ಈಗ ಗಮನ ಇಟ್ಟು ಓದು, ನಿನ್ನ ಉತ್ತರ ಇಲ್ಲಿದೆ.

ಬೋಟ್ಸ್ವಾನಾದ ನೆಲದೊಳಗಿನ ಖನಿಜದ ಹಕ್ಕು ಮೊದಲು ಆಯಾ ಬುಡಕಟ್ಟಿನದು. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಬಾಂಗ್ವಾಟೊ ಬುಡಕಟ್ಟಿನ ಅರಸು ಮನೆತನದವನು. ಬ್ರಿಟಿಷ್ ಹುಡುಗಿಯನ್ನು ಮದುವೆಯಾದ ಅಂತ ಅವನನ್ನು ವರ್ಷಗಟ್ಟಲೆ ಊರಿಗೆ ಬರಗೊಡದೆ ಹೊರಗಿಟ್ಟಿದ್ದರು. ಆ ಕಥೆ ನಿನಗೆ ಇನ್ನೊಂದು ಸಲ ಹೇಳುತ್ತೇನೆ. ಖನಿಜವೆಲ್ಲ ಸರ್ಕಾರಕ್ಕೆ ಸೇರಬೇಕು ಅನ್ನೋದು 1965ರ ಚುನಾವಣೆಯಲ್ಲೇ ಅವನ ಪಕ್ಷದ ಕಾರ್ಯಕ್ರಮದಲ್ಲಿತ್ತು. 1967ರಲ್ಲಿ ಕಾಯ್ದೆಯೂ ಆಯಿತು. ಅದೇ ವರ್ಷ ಒರಾಪಾದಲ್ಲಿ ವಜ್ರದ ಗಣಿ ಪತ್ತೆಯಾಯಿತು. ಒರಾಪಾ ಇರುವುದು ಎಲ್ಲಿ ಗೊತ್ತಾ? ಅವನದೇ ಬಾಂಗ್ವಾಟೊ ಸೀಮೆಯಲ್ಲಿ. ಸುಮ್ಮನಿದ್ದಿದ್ದರೆ ಅವನ ಜನಕ್ಕೇ ಸೇರುತ್ತಿದ್ದ ಆಸ್ತಿ. ಅದು ಇಡೀ ದೇಶದ ಲೆಕ್ಕಕ್ಕೆ ಹೋಯಿತು. ವಜ್ರ ಕೈಗೆ ಬಂದ ಮೇಲೆ ಇಂಥ ಕಾಯ್ದೆ ಮಾಡಿ ನೋಡು, ಬುಡಕಟ್ಟು ಬುಡಕಟ್ಟು ಬಡಿದಾಡಿಕೊಂಡು ಸಾಯುತ್ತವೆ.

ಆಮೇಲಿನದು ಬರೀ ಚೌಕಾಸಿ. ಡಿ ಬಿಯರ್ಸ್ ಅನ್ನೋ ದೊಡ್ಡ ವಜ್ರದ ಕಂಪನಿಯ ಜೊತೆ ಮಾಡಿದ ಗಣಿ ಕಂಪನಿಯಲ್ಲಿ ಸರ್ಕಾರದ ಪಾಲು ಮೊದಲು ಶೇ 15. ಎಪ್ಪತ್ತರ ದಶಕದ ಮಧ್ಯದ ಹೊತ್ತಿಗೆ ಅದನ್ನು ಶೇ 50ಕ್ಕೆ ಏರಿಸಿಕೊಂಡರು. ತೆರಿಗೆ, ರಾಜಧನ, ಡಿವಿಡೆಂಡ್ ಎಲ್ಲಾ ಸೇರಿದರೆ ಲಾಭದ ಪ್ರತಿ ರೂಪಾಯಿಯಲ್ಲಿ ಸುಮಾರು 80 ಪೈಸೆ ಸರ್ಕಾರಕ್ಕೆ. ಆ ಹಣವನ್ನೂ ಮಂತ್ರಿ ತನಗೆ ತೋಚಿದಲ್ಲಿ ಹಾಕುವ ಹಾಗಿಲ್ಲ. ಕೆಲವು ವರ್ಷಕ್ಕೊಂದು ರಾಷ್ಟ್ರೀಯ ಯೋಜನೆ, ಅದಕ್ಕೆ ಸಂಸತ್ತಿನ ಒಪ್ಪಿಗೆ. ಪಟ್ಟಿಯಲ್ಲಿ ಇಲ್ಲದ ಕಾಮಗಾರಿ ಬೇಕಾದರೆ ಮತ್ತೆ ಸಂಸತ್ತಿಗೇ ಹೋಗಬೇಕು. ಆ ನಿಯಮ ಓದಿ ನನಗೆ ಎಷ್ಟು ಖುಷಿಯಾಯಿತು ಅಂತೀಯ! ಮಾರ್ಚ್ 31ರ ಸಂಜೆ ಬಿಲ್ಲಿನ ಕಟ್ಟು ತಂದು "ಹೇಗಾದ್ರೂ ಮಾಡಿ ಮೇಡಂ" ಅನ್ನೋರನ್ನ ನೋಡಿದವಳಿಗೆ ಮಾತ್ರ ಆ ಖುಷಿ ಗೊತ್ತು.

ಇನ್ನು ಗಿನಿ. ಅಲ್ಲಿ ಎಣ್ಣೆ ಬಂದದ್ದು ತೊಂಬತ್ತರ ದಶಕದಲ್ಲಿ. ಅಷ್ಟು ಹೊತ್ತಿಗೆ ಆಬ್ಜೆಕ್ಷನ್ ಹಾಕುವವರೇ ಉಳಿದಿರಲಿಲ್ಲ. ಮೊದಲ ಅಧ್ಯಕ್ಷ ಮಸಿಯಾಸ್ ಎನ್‌ಗೇಮಾ 11 ವರ್ಷ ಆಳಿದ. ಓದಿದವರನ್ನು ಹುಡುಕಿ ಹುಡುಕಿ ಕೊಲ್ಲಿಸಿದ. ಸತ್ತವರು, ದೇಶ ಬಿಟ್ಟು ಓಡಿದವರು ಸೇರಿದರೆ ಜನಸಂಖ್ಯೆಯ ಮೂರರಲ್ಲಿ ಒಂದು ಪಾಲು ಅನ್ನುತ್ತಾರೆ. ದೇಶದ ಖಜಾನೆಯ ನಗದನ್ನೇ ತನ್ನ ಊರು ಮೊಂಗೊಮೊ ಕಡೆಯ ಮನೆಗೆ ಸಾಗಿಸಿ ಇಟ್ಟುಕೊಂಡಿದ್ದ ಅಂತ ಬರೆದಿದ್ದಾರೆ. 1979ರಲ್ಲಿ ಅವನ ಅಣ್ಣ-ತಮ್ಮಂದಿರ ಕಡೆಯ ಹುಡುಗ ಒಬಿಯಾಂಗ್ ದಂಗೆಯೆದ್ದು ಅವನನ್ನು ಕೆಳಗಿಳಿಸಿ, ವಿಚಾರಣೆ ಮಾಡಿ ಗುಂಡಿಟ್ಟ. ಅವತ್ತು ಕೂತ ಒಬಿಯಾಂಗ್ ಕುರ್ಚಿ ಬಿಟ್ಟು ಎದ್ದೇ ಇಲ್ಲ. 2022ರ ಚುನಾವಣೆಯಲ್ಲಿ ಅವನಿಗೆ ಬಿದ್ದ ಮತ ಶೇ 95ರ ಹತ್ತಿರ. ಅಷ್ಟು ಮಾರ್ಕ್ಸು ನಿನಗೂ ಬಂದಿಲ್ಲ.

ಈಗ ಸಹಿಯ ವಿಷಯ. ವಾಷಿಂಗ್ಟನ್ನಿನಲ್ಲಿ ರಿಗ್ಸ್ ಅಂತ ಹಳೇ ಬ್ಯಾಂಕ್ ಇತ್ತು. ಅಮೆರಿಕದ ಸೆನೆಟ್ 2004ರಲ್ಲಿ ಅದರ ಲೆಕ್ಕ ಬಿಚ್ಚಿದಾಗ ಗೊತ್ತಾಯಿತು, ಆ ಬ್ಯಾಂಕಿನ ಅತಿ ದೊಡ್ಡ ಗಿರಾಕಿ ಈ ಸಣ್ಣ ಗಿನಿ. 60ಕ್ಕೂ ಜಾಸ್ತಿ ಖಾತೆ, ಅವುಗಳಲ್ಲಿ 70 ಕೋಟಿ ಡಾಲರ್‌ವರೆಗೆ ಹಣ. ಎಣ್ಣೆ ಕಂಪನಿಗಳು ಸರ್ಕಾರಕ್ಕೆ ಕೊಡುವ ದುಡ್ಡು ಬೀಳುತ್ತಿದ್ದ ಖಾತೆಯಿಂದ ಹಣ ತೆಗೆಯಲು ಎರಡು ಸಹಿ ಬೇಕಿತ್ತು. ಕಾಗದದ ಮೇಲೆ ಎಷ್ಟು ಶಿಸ್ತು ಅಲ್ವಾ? ಒಂದು ಸಹಿ ಅಧ್ಯಕ್ಷನದು. ಇನ್ನೊಂದು ಅವನ ಮಗನದು, ಇಲ್ಲವೇ ಅಣ್ಣ-ತಮ್ಮನ ಮಗನದು. ಮಗ ಗಣಿ ಇಲಾಖೆಯವನು, ಇನ್ನೊಬ್ಬ ಖಜಾನೆ ಇಲಾಖೆಯವನು. ಬ್ಯಾಂಕಿಗೆ ನಗದೂ ಬರುತ್ತಿತ್ತು. ಸೂಟ್‌ಕೇಸಿನಲ್ಲಿ, ಪ್ಲಾಸ್ಟಿಕ್ ಸುತ್ತಿದ ಕಟ್ಟುಗಳು, ಒಂದೊಂದು ಸಲಕ್ಕೆ 30 ಲಕ್ಷ ಡಾಲರ್‌ವರೆಗೆ. ಎರಡು ಸಹಿ ಬೇಕು ಅನ್ನೋ ನಿಯಮ ನಮ್ಮಲ್ಲೂ ಇದೆ. ಒಬ್ಬ ಬೇಡ ಅಂದರೆ ಚೆಕ್ಕು ನಿಲ್ಲಲಿ ಅಂತ ಆ ನಿಯಮ. ರಾತ್ರಿ ಒಂದೇ ಮನೆಯಲ್ಲಿ ಊಟಕ್ಕೆ ಕೂರುವವರ ಎರಡು ಸಹಿ ಲೆಕ್ಕಕ್ಕೆ ಒಂದೇ ಸಹಿ.

ಇನ್ನೊಬ್ಬ ಮಗ ತಿಯೊದೊರಿನ್ ಮಂತ್ರಿಯಾಗಿದ್ದಾಗ ಅವನ ಸಂಬಳ ವರ್ಷಕ್ಕೆ ಒಂದು ಲಕ್ಷ ಡಾಲರಿಗೂ ಕಡಿಮೆ. ಅವನು ಕ್ಯಾಲಿಫೋರ್ನಿಯಾದ ಮಲಿಬುವಿನಲ್ಲಿ 3 ಕೋಟಿ ಡಾಲರಿನ ಬಂಗಲೆ ಕೊಂಡ. ಸ್ವಂತ ಜೆಟ್ ವಿಮಾನ ಕೊಂಡ. ಮೈಕೇಲ್ ಜಾಕ್ಸನ್ ಹಾಕಿಕೊಂಡಿದ್ದ ಹರಳಿನ ಕೈಗವಸು ಕೊಂಡ. ನಿಮ್ಮಪ್ಪನಿಗೆ ಇದನ್ನು ಓದಿ ಹೇಳಿದೆ. "ಒಂದೇ ಕೈದಾ?" ಅಂದರು. ಅಮೆರಿಕದವರು ಆ ಆಸ್ತಿಯ ಮೇಲೆ ಕೇಸು ಹಾಕಿ 2014ರಲ್ಲಿ ರಾಜಿ ಮಾಡಿಕೊಂಡು ಬಂಗಲೆ ಮಾರಿಸಿದರು. ಬಂದ ಹಣದಲ್ಲಿ 2 ಕೋಟಿ 66 ಲಕ್ಷ ಡಾಲರನ್ನು 2021ರಲ್ಲಿ ಗಿನಿಯ ಜನರ ಕೋವಿಡ್ ಲಸಿಕೆಗೆ, ಔಷಧಿಗೆ ತೆಗೆದಿಟ್ಟರು. ನೋಡು, ಆ ದೇಶದ ಎಣ್ಣೆ ಆ ದೇಶದವರ ಆರೋಗ್ಯಕ್ಕೆ ಬರಲು ಮಲಿಬು ಸುತ್ತಿಕೊಂಡು ಬರಬೇಕಾಯಿತು.

ಮಕ್ಕಳಿಗೆ ಲಸಿಕೆ ಹಾಕಿಸುವುದರಲ್ಲಿ ಪ್ರಪಂಚದಲ್ಲೇ ತೀರಾ ಹಿಂದೆ ಬಿದ್ದ ದೇಶಗಳಲ್ಲಿ ಇದೂ ಒಂದು. ಅದೇ ದೇಶ 2011ರಲ್ಲಿ ಆಫ್ರಿಕಾ ಒಕ್ಕೂಟದ ಸಭೆಗೆಂದು ಬಿಯೊಕೊ ದ್ವೀಪದ ಮಲಾಬೊ ನಗರದ ಹತ್ತಿರ ಸಿಪೋಪೊದಲ್ಲಿ ಬಂದ ಅಧ್ಯಕ್ಷರಿಗೆ ಒಬ್ಬೊಬ್ಬರಿಗೊಂದು ಅಂತ 52 ವಿಲ್ಲಾ ಕಟ್ಟಿಸಿತು. ನಿನ್ನ ಗ್ರಾಫಿನಲ್ಲಿ ಆ ವಿಲ್ಲಾಗಳ ಸಿಮೆಂಟೂ ತಲಾ ಆದಾಯವೇ. ಅದಕ್ಕೇ ಬರೀ ಆ ಗೆರೆ ನೋಡಬೇಡ ಅನ್ನುವುದು.

ಬಳ್ಳಾರಿಯವಳಾಗಿ ನಾನು ಬೇರೆಯವರ ಮನೆ ದೋಸೆ ತೂತು ಎಣಿಸಬಾರದು ಅಂತ ನೀನು ನಗುತ್ತೀಯ. ಬೀಜಿಂಗ್ ಒಲಿಂಪಿಕ್ಸಿನ ಮುಂಚಿನ ವರ್ಷಗಳಲ್ಲಿ ನೀನು ಅಂಗನವಾಡಿಗೆ ಹೋಗುವ ಮಗು. ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಒಣಗಿಸಿದ ಬಟ್ಟೆ ಸಂಜೆಗೆ ಕೆಂಪಾಗುತ್ತಿತ್ತು. ಆದರೆ ಒಂದು ವ್ಯತ್ಯಾಸ ಇದೆ. ತಡವಾಗಿಯಾದರೂ ಲೋಕಾಯುಕ್ತ ವರದಿ ಬಂತು, 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು. ಲೆಕ್ಕ ಕೇಳಿದ್ದು ಒಳಗಿನವರೇ. ಗಿನಿಯ ಲೆಕ್ಕ ಕೇಳಿದವರನ್ನು ನೋಡು: ಅಮೆರಿಕದ ಸೆನೆಟ್, ಪ್ಯಾರಿಸ್ಸಿನ ಕೋರ್ಟು, ತಿಯೊದೊರಿನ್‌ನ ಕಾರುಗಳನ್ನು ಹಿಡಿದ ಸ್ವಿಸ್ ಅಧಿಕಾರಿಗಳು. ಎಲ್ಲರೂ ಹೊರಗಿನವರು. ಒಳಗೆ ಕೇಳಿದವರು ಜೈಲಿನಲ್ಲೋ ಸ್ಪೇನಿನಲ್ಲೋ ಇರುತ್ತಾರೆ.

ಹಾಗಂತ ಬೋಟ್ಸ್ವಾನಾವನ್ನು ಸ್ವರ್ಗ ಮಾಡಿ ಬರೆಯಬೇಡ. ಪ್ರಪಂಚದಲ್ಲೇ ಅತಿ ಜಾಸ್ತಿ ಅಸಮಾನತೆ ಇರುವ ದೇಶಗಳಲ್ಲಿ ಅದೂ ಇದೆ. ದುಡಿಯಲು ಸಿದ್ಧ ಇರುವವರಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇಲ್ಲ. ಕಲಹರಿಯ ಮೂಲನಿವಾಸಿಗಳಾದ ಸಾನ್ ಜನರನ್ನು ಅವರ ಕಾಡಿನಿಂದ ಎಬ್ಬಿಸಿದರು. 2006ರಲ್ಲಿ ಅಲ್ಲಿನ ಹೈಕೋರ್ಟು ಅದು ತಪ್ಪು ಅಂದಿತು. ಏಡ್ಸ್ ಬಂದಾಗ ವಯಸ್ಕರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಎಚ್‌ಐವಿ. ಕಟ್ಟಿದ್ದೆಲ್ಲ ಕೊಚ್ಚಿಹೋಗುತ್ತದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆಗ, 2002ರಲ್ಲಿ, ಸರ್ಕಾರ ಔಷಧಿಯನ್ನು ಪುಕ್ಕಟೆ ಕೊಡಲು ಶುರು ಮಾಡಿತು. ಆಫ್ರಿಕಾದಲ್ಲಿ ಮೊದಲು. ತಾಯಿಯಿಂದ ಮಗುವಿಗೆ ರೋಗ ದಾಟುವುದನ್ನು ಅವರು ಎಷ್ಟು ತಡೆದರೆಂದರೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮೆಚ್ಚಿ ಮನ್ನಣೆ ಕೊಟ್ಟಿತು. ವಜ್ರದ ದುಡ್ಡು ಎಲ್ಲಿ ಹೋಯಿತು ಅಂತ ನಿಮ್ಮ ಮೇಡಂ ಕೇಳಿದರೆ ಇದನ್ನು ಮೊದಲು ಹೇಳು.

ಇನ್ನೂ ಒಂದು ಲೆಕ್ಕ. ಸ್ವಾತಂತ್ರ್ಯ ಬಂದಾಗಿನಿಂದ 58 ವರ್ಷ ಒಂದೇ ಪಕ್ಷ ಆಳಿತ್ತು. ಇದೆಂಥ ಪ್ರಜಾಪ್ರಭುತ್ವ ಅಂತ ನೀನೇ ವಾದ ಮಾಡಿದ್ದೆ. 2024ರ ಅಕ್ಟೋಬರಿನಲ್ಲಿ ಜನ ಆ ಪಕ್ಷಕ್ಕೆ 61ರಲ್ಲಿ 4 ಸೀಟು ಕೊಟ್ಟರು. ನಾಲ್ಕೇ ನಾಲ್ಕು! ಪೂರ್ತಿ ಎಣಿಕೆ ಮುಗಿಯುವ ಮುಂಚೆಯೇ ಅಧ್ಯಕ್ಷ ಮಸಿಸಿ ಸೋಲು ಒಪ್ಪಿಕೊಂಡ. ಡೂಮಾ ಬೋಕೊ ಅಧಿಕಾರಕ್ಕೆ ಬಂದ. ಒಂದು ಗುಂಡು ಹಾರಲಿಲ್ಲ.

ಬಂದವನಿಗೆ ಸಿಕ್ಕಿದ್ದು ಖಾಲಿ ಚೀಲ. ಕಾರ್ಖಾನೆಯಲ್ಲಿ ಮಾಡುವ ವಜ್ರ ಬಂದು ಗಣಿಯ ವಜ್ರದ ಬೆಲೆ ಬಿದ್ದುಹೋಗಿದೆ. ರಫ್ತಿನಲ್ಲಿ ಶೇ 80ರಷ್ಟು ವಜ್ರವೇ ಆಗಿರುವ ದೇಶಕ್ಕೆ ಅದು ಎಂಥ ಹೊಡೆತ ಅಂತ ನಿನಗೆ ಹೇಳಬೇಕಾಗಿಲ್ಲ. ಸೂರತ್ತಿನ ಪಾಲಿಶ್ ಘಟಕಗಳವರೂ ಇದೇ ಗೋಳು ಹೇಳುತ್ತಿದ್ದಾರೆ. ಕಷ್ಟಕಾಲಕ್ಕೆಂದು ಕೂಡಿಟ್ಟ ಪುಲಾ ನಿಧಿ ಬಹಳ ಕರಗಿದೆ. 2025ರ ಆಗಸ್ಟಿನಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಮುಗಿದು ಬೋಕೊ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. 58 ವರ್ಷದಲ್ಲಿ ವಜ್ರ ಬಿಟ್ಟು ಇನ್ನೊಂದು ಕಸುಬು ಗಟ್ಟಿಯಾಗಿ ಕಟ್ಟಲಿಲ್ಲ. ನನ್ನ ಪ್ರಕಾರ ಅದು ಅವರ ದೊಡ್ಡ ಸೋಲು. ಲೆಕ್ಕ ಚೊಕ್ಕವಾಗಿ ಇಟ್ಟರೆ ದುಡ್ಡು ಕಳುವಾಗುವುದಿಲ್ಲ, ಅಷ್ಟೆ. ಹೊಸ ದುಡ್ಡು ಅದರಿಂದ ಹುಟ್ಟುವುದಿಲ್ಲ.

ಗಿನಿಯ ಎಣ್ಣೆಯೂ ಮುಗಿಯುತ್ತಾ ಬಂದಿದೆ. ಎಕ್ಸಾನ್ ಕಂಪನಿ 2024ರಲ್ಲಿ ಗಂಟುಮೂಟೆ ಕಟ್ಟಿತು. ತಲಾ ಆದಾಯದಲ್ಲಿ ಎರಡೂ ದೇಶ ಈಗ ಹೆಚ್ಚುಕಡಿಮೆ ಒಂದೇ ಮಟ್ಟ. ನಿನ್ನ ಗ್ರಾಫ್ ನಿಂತಿರುವುದು 2008ಕ್ಕೆ. ಅದನ್ನು ಈಗಿನ ತನಕ ಎಳೆ. ಪಕ್ಕದಲ್ಲಿ ಐದು ವರ್ಷದೊಳಗೆ ತೀರಿಕೊಳ್ಳುವ ಮಕ್ಕಳ ಗೆರೆ, ಲಸಿಕೆಯ ಗೆರೆ ಹಾಕು. ಸಹಿಯ ಕಥೆಯನ್ನು ಅಡಿಟಿಪ್ಪಣಿಗೆ ತಳ್ಳಬೇಡ, ಒಳಗೇ ಬರಲಿ. ಬರೆದದ್ದನ್ನು ಕೊಡುವ ಮುಂಚೆ ನನಗೊಂದು ಸಲ ಕಳಿಸು. ಆಬ್ಜೆಕ್ಷನ್ ಹಾಕಿ ಬಹಳ ದಿನವಾಯಿತು.

ಶೇಂಗಾ ಚಟ್ನಿಪುಡಿ ಬೇರೆ ಪಾರ್ಸೆಲ್‌ನಲ್ಲಿ ಬರುತ್ತಿದೆ. ಹಾಸ್ಟೆಲ್ಲಿನವರಿಗೂ ಕೊಡು, ಆದರೆ ಡಬ್ಬಿ ವಾಪಸ್ ತಾ. ಹೋದ ಸಲದ್ದೇ ಇನ್ನೂ ಬಂದಿಲ್ಲ.

ಇಂತಿ ನಿನ್ನ
ಅಮ್ಮ