ಡಿಫ್ ಬಿಚ್ಚುವ ಭಯ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ರಿಮೋಟ್ ಗಾಡಿಯ ಡಿಫ್‌ಗಳ ಬಗ್ಗೆ, ಅಂದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಆ ಎಣ್ಣೆ ತುಂಬಿದ ಗೇರು ಡಬ್ಬಿಗಳ ಬಗ್ಗೆ, ಬರೆದ ಪತ್ರ ತಲುಪಿತು. "ಮತ್ತೆ ಬಿಚ್ಚಲು ಭಯವಾಗುತ್ತದೆ, ಮೂರು ಡಿಫ್‌ಗಳಿಗೂ ಅತಿ ಮಂದವಾದ ಎಣ್ಣೆ ತುಂಬಿ ಮುಚ್ಚಿಬಿಡುತ್ತೇನೆ" ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ಆ ಮಾತು ಎರಡು ದಿನಗಳಿಂದ ನನ್ನ ಮನಸ್ಸನ್ನು ಬಿಟ್ಟಿಲ್ಲ. ಎಣ್ಣೆಯ ಲೆಕ್ಕ ತಪ್ಪಿದರೆ ಸರಿಪಡಿಸಬಹುದು. ನನ್ನನ್ನು ಕಾಡಿದ್ದು ಆ ಭಯ.

ಥ್ರಾಟಲ್ ಒತ್ತಿದೊಡನೆ ಭಾರವೆಲ್ಲ ಹಿಂದಕ್ಕೆ ಸರಿದು, ಹಗುರಾದ ಮುಂದಿನ ಚಕ್ರಗಳ ಟೈರುಗಳು ವೇಗಕ್ಕೆ ಉಬ್ಬಿ ಸುಮ್ಮನೆ ಗಿರಗಿರನೆ ತಿರುಗುವುದನ್ನು ನೋಡಿದರೆ ಯಾರಿಗಾದರೂ ಮಂದ ಎಣ್ಣೆ ಹಾಕಿ ಎಲ್ಲವನ್ನೂ ಬಿಗಿದುಬಿಡೋಣ ಅನ್ನಿಸುತ್ತದೆ. ಆದರೆ ಅದು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಡಿಫ್‌ನ ವಿಷಯ. ಅದರಲ್ಲಿ 7,000 ಸಿಎಸ್‌ಟಿ (ಎಣ್ಣೆಯ ಮಂದತೆಯ ಅಳತೆ) ಎಣ್ಣೆ ಇದ್ದರೆ ಇನ್ನಷ್ಟು ಮಂದವಾದ 10,000 ಹಾಕಿ ನೋಡು. ಉಳಿದ ಎರಡನ್ನು ಸದ್ಯಕ್ಕೆ ಮುಟ್ಟಬೇಡ. ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಓಡಲೇಬೇಕು. ಮೂರನ್ನೂ ಬಿಗಿದರೆ ಥ್ರಾಟಲ್ ಬಿಟ್ಟಾಗ ಮೂತಿ ತಿರುಗದು, ಒತ್ತಿದಾಗ ಹಿಂಭಾಗ ಜಾರುತ್ತದೆ, ಜಿಗಿದು ಇಳಿದ ಪೆಟ್ಟೆಲ್ಲ ಗೇರಿನ ಹಲ್ಲುಗಳಿಗೆ ಬೀಳುತ್ತದೆ.

ಈ ಭಯ ನನಗೆ ಹೊಸದಲ್ಲ. ಮೊದಲ ಟ್ರಕ್ಕಿನ ಹಿಂದಿನ ಡಿಫ್ ಬಿಚ್ಚಿದ ದಿನ ಸಣ್ಣ ಗೇರುಗಳು ಮೇಜಿನ ಮೇಲೆ ಚದುರಿದವು; ಮತ್ತೆ ಜೋಡಿಸಿದಾಗ ಕಾಗದದಷ್ಟು ತೆಳುವಾದ ಒಂದು ವಾಷರ್ ಕೈಯಲ್ಲೇ ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡು, ಎರಡು ವರ್ಷ ಆ ಡಿಫ್ ಕಡೆ ತಿರುಗಿಯೂ ನೋಡಲಿಲ್ಲ. ಚಕ್ರವನ್ನು ಕೈಯಿಂದ ತಿರುಗಿಸಿದರೆ ಎದುರು ಚಕ್ರ ಒಂದಿಷ್ಟೂ ತಡೆಯಿಲ್ಲದೆ ಹಿಮ್ಮುಖವಾಗಿ ತಿರುಗುತ್ತಿತ್ತು. ಎಣ್ಣೆ ಸೋರಿಹೋಗಿದೆ ಎಂಬುದು ನನಗೆ ತಿಳಿದಿತ್ತು, ಆದರೂ ಬಿಚ್ಚಲಿಲ್ಲ. ಕೊನೆಗೆ ಗಾಡಿ ನಡುಹಾದಿಯಲ್ಲಿ ನಿಂತಿತು. ಒಳಗೆ ಬೂದು ಬಣ್ಣದ ಅಂಟು, ಸವೆದು ಗುಂಡಗಾದ ಹಲ್ಲುಗಳು. ಆ ಹೊತ್ತಿನಲ್ಲಿ ರಿಮೋಟ್ ನಿನ್ನ ಅಪ್ಪನ ಕೈಯಲ್ಲಿತ್ತು. ಅವನು ಜೋರಾಗಿ ಜಿಗಿಸಿದ್ದರಿಂದಲೇ ಮುರಿಯಿತೆಂದು ನಾನು ಗದರಿದೆ. ಅವನು ಮತ್ತೆಂದೂ ರಿಮೋಟ್ ಹಿಡಿಯಲಿಲ್ಲ. ತಪ್ಪು ನನ್ನದೆಂದು ಇಂದಿಗೂ ಅವನಿಗೆ ಹೇಳಿಲ್ಲ.

ಆದ್ದರಿಂದ ಮತ್ತೆ ಮತ್ತೆ ಹೇಳುತ್ತೇನೆ, ಬೇಸರಿಸಬೇಡ: ಬಿಚ್ಚು. ಬಿಳಿ ಬಟ್ಟೆ ಹಾಸಿಕೊ, ಹಂತಹಂತಕ್ಕೂ ಫೋಟೋ ತೆಗೆದುಕೊ, ವಾಷರುಗಳನ್ನು ಎಣಿಸಿಡು. ಒಳಗಿನ ಅಡ್ಡಪಿನ್ನುಗಳು ಮುಳುಗುವಷ್ಟು ಎಣ್ಣೆ ಸಾಕು. ಬಿಸಿಯಾದಾಗ ಹಿಗ್ಗುವುದಕ್ಕೆ ಜಾಗವಿಲ್ಲದಿದ್ದರೆ ಅದು ಸೋರಿಕೆ ತಡೆಯುವ ರಬ್ಬರ್ ಉಂಗುರವಾದ ಓ-ರಿಂಗ್ ದಾಟಿ ಹೊರಬರುತ್ತದೆ. ಗುಳ್ಳೆಗಳು ಮೇಲೇಳುವವರೆಗೆ ಕಾಯಬೇಕು. ಮಂದವಾದ ಎಣ್ಣೆಯಾದರೆ ಒಂದು ರಾತ್ರಿಯೇ ಬೇಕಾದೀತು. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ. ಇವೆಲ್ಲ ನಿನಗೆ ತಿಳಿದಿರಬಹುದು, ಆದರೂ ಬರೆದೆ. ಮುಂದಿನ ಮತ್ತು ಹಿಂದಿನ ಡಿಫ್‌ಗಳ ಮಾತು ಈಗ ಬೇಡ, ನಡುವಿನದನ್ನು ಬದಲಿಸಿ ಓಡಿಸಿದ ಮೇಲೆ ಬರೆ.

ಒಂದು ವೇಳೆ ವಾಷರ್ ಉಳಿದರೆ ಜೇಬಿಗೆ ಹಾಕಿಕೊಳ್ಳಬೇಡ, ಅದೇ ದಿನ ಮತ್ತೆ ಬಿಚ್ಚು. ಈ ಪತ್ರವನ್ನು ಓದಿದ ಮೇಲೆ ಅಪ್ಪನ ಕೈಗೆ ಕೊಡು. ಎದುರಿಗೆ ನಿಂತು ಹೇಳುವುದು ಇಷ್ಟು ವರ್ಷವೂ ನನ್ನಿಂದಾಗಲಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ