ರಣಹದ್ದಿನ ಗೂಡು ಕೆಣಕಿದರೂ ಬೇಟೆಯೇ

ಮಾನ್ಯ ಸಂಪಾದಕರೇ,

ನಮ್ಮ ರಾಮನಗರದ ರಾಮದೇವರ ಬೆಟ್ಟಕ್ಕೆ ಬೆಂಗಳೂರಿನಿಂದ 50 ಕಿ.ಮೀ. ದೂರ ಅಷ್ಟೇ. ಹಾಗಾಗಿ ರಜೆ ಬಂತು ಅಂದ್ರೆ ಜನ ಜಾಸ್ತಿ. ಮೆಟ್ಟಿಲು ಹತ್ತಿ ದೇವರಿಗೆ ಕೈಮುಗಿದು ಇಳಿದು ಹೋಗುವವರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ದಾರಿ ಬಿಟ್ಟು ಬಂಡೆಯಂಚಿಗೆ ಹೋಗಿ ಕೇಕೆ ಹಾಕುವವರ ಬಗ್ಗೆ, ಸ್ಪೀಕರ್ ಹೊತ್ತು ತರುವವರ ಬಗ್ಗೆ, ರೀಲ್ಸ್‌ಗಾಗಿ ಡ್ರೋನ್ ಬಿಡುವವರ ಬಗ್ಗೆ.

ಆ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ಉಳಿದಿರುವುದು ಬೆರಳೆಣಿಕೆಯಷ್ಟು. ಬಂಡೆಯ ಮೈಮೇಲೆ ಸುಣ್ಣ ಸುರಿದಂತೆ ಬಿಳಿ ಗೆರೆಗಳು ಇಳಿದಿದ್ದರೆ ಅದು ಹಕ್ಕಿಯ ಹಿಕ್ಕೆ. ಅದರ ಮೇಲಿನ ಸಂದಿನಲ್ಲೇ ಗೂಡು ಇರಬಹುದು. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುತ್ತವೆ. ಐದಾರು ಕೆ.ಜಿ. ತೂಗುವ ಈ ಹಕ್ಕಿ ಬಿಸಿಗಾಳಿ ಮೇಲೇಳುವ ತನಕ ಸುಮ್ನೆ ಕಾದು, ಆಮೇಲೆ ರೆಕ್ಕೆ ಬಡಿಯದೆ ತೇಲುವ ಜಾತಿ. ತಣ್ಣನೆಯ ಹೊತ್ತಿನಲ್ಲಿ ಬೆದರಿಸಿ ಎಬ್ಬಿಸಿದರೆ ಅದಕ್ಕೆ ಸುಸ್ತು, ಮೊಟ್ಟೆಗೆ ಅಪಾಯ. ಆ ಮೊಟ್ಟೆ ಹೋಯಿತೆಂದರೆ ಸಾಮಾನ್ಯವಾಗಿ ಆ ವರ್ಷವೇ ಹೋದಂತೆ.

ಕಾನೂನು ಇಲ್ಲವೇ? ಧಾರಾಳವಾಗಿದೆ. 2012ರಲ್ಲಿ ಸರ್ಕಾರ ಇಲ್ಲಿನ ಸುಮಾರು 856 ಎಕರೆಯನ್ನು ರಣಹದ್ದು ವನ್ಯಧಾಮವೆಂದು ಘೋಷಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(16) ತೆಗೆದು ನೋಡಿ. ಬೇಟೆ ಅಂದರೆ ಬರೀ ಕೊಲ್ಲುವುದಲ್ಲ, ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಅದರಲ್ಲಿ ಸೇರಿದೆ. ಈ ರಣಹದ್ದು ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿದೆ, ಅಂಥ ಪ್ರಾಣಿಯ ಬೇಟೆಗೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು, ದಂಡ ಬೇರೆ. ಬಂಡೆಯಂಚಿನಲ್ಲಿ ಶಿಳ್ಳೆ ಹೊಡೆಯುವ ಹುಡುಗರಿಗೆ ಇದು ಗೊತ್ತಿದೆಯಾ? ಗೇಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ, ಅಲ್ವಾ?

ರಣಹದ್ದುಗಳನ್ನು ದೇಶದುದ್ದಕ್ಕೂ ಮುಗಿಸಿದ್ದು ಗಲಾಟೆಯಲ್ಲ, ಡೈಕ್ಲೋಫೆನಾಕ್ ಅನ್ನುವ ಔಷಧಿ. ಅದನ್ನು ಕೊಟ್ಟ ಹಸು ಸತ್ತು, ಆ ಹೆಣ ತಿಂದ ಹದ್ದಿನ ಕಿಡ್ನಿ ಕೆಡುತ್ತಿತ್ತು. 2006ರಲ್ಲಿ ಅದನ್ನು ಜಾನುವಾರುಗಳಿಗೆ ಕೊಡುವುದನ್ನು ನಿಷೇಧಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ನಿಂತವು. ದೊಡ್ಡ ದೊಡ್ಡ ಔಷಧಿ ಕಂಪನಿಗಳನ್ನೇ ಬಗ್ಗಿಸಿದ ಸರ್ಕಾರಕ್ಕೆ ನಾಲ್ಕು ಡ್ರೋನ್ ಹಿಡಿಯುವುದು ಕಷ್ಟವೇ?

ಬೆಟ್ಟ ಪೂರ್ತಿ ಮುಚ್ಚಿ ಅಂತ ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ಊರಿನವರೇ ಹಕ್ಕಿಗೆ ಶಾಪ ಹಾಕುತ್ತಾರೆ. ನವೆಂಬರ್‌ನಿಂದ ಮರಿ ಹಾರುವವರೆಗೆ ಗೂಡಿರುವ ಬಂಡೆಗಳ ಕಡೆ ಯಾರನ್ನೂ ಬಿಡಬಾರದು. ದೇವಸ್ಥಾನದ ಮೆಟ್ಟಿಲು ತೆರೆದಿರಲಿ. ಡ್ರೋನ್ ಕಂಡರೆ ಬುದ್ಧಿವಾದ ಹೇಳಿ ಕಳಿಸುವ ಬದಲು ಜಪ್ತಿ ಮಾಡಿ ಕೇಸು ಹಾಕಲಿ. ಇಷ್ಟಕ್ಕೆ ಹೊಸ ಕಾಯ್ದೆ ಬೇಕಿಲ್ಲ, ರಜೆ ದಿನಗಳಲ್ಲಿ ಇನ್ನೂ ನಾಲ್ಕು ಜನ ವಾಚರ್‌ಗಳು ಸಾಕು. ಅರಣ್ಯ ಇಲಾಖೆ ಈ ಸಲದ ಮೊಟ್ಟೆ ಇಡುವ ಕಾಲಕ್ಕೆ ಮುಂಚೆಯೇ ಇದನ್ನು ಮಾಡಲಿ.

— ಓದುಗ, ರಾಮನಗರ